ಒಂದೇ ಫೈಬರ್ ಎಳೆಯಲ್ಲಿ 32 ಮನೆ, ಡಿಕ್ಕಿ ಯಾಕೆ ಆಗಲ್ಲ?

ಆರನೇ_ಸೆಮ್:
ಹಳೇ ಈಥರ್ನೆಟ್‌ನಲ್ಲಿ ಎಲ್ಲರೂ ಒಂದೇ ಕೇಬಲ್ ಹಂಚಿಕೊಳ್ಳುವ ಪದ್ಧತಿ ಸಿಎಸ್‌ಎಂಎ/ಸಿಡಿ ಓದಿ ಮುಗಿಸಿದೆ. ಕೇಬಲ್ ಖಾಲಿ ಇದೆಯಾ ನೋಡು, ಡಿಕ್ಕಿ ಆದರೆ ನಿಲ್ಲಿಸು, ಸ್ವಲ್ಪ ತಡೆದು ಮತ್ತೆ ಕಳಿಸು, ಇಷ್ಟೇ ತಾನೆ. ಮನೆಗೆ ಬರುವ ಜಿಪಾನ್ (ಹಂಚಿಕೊಂಡು ಬಳಸುವ ಫೈಬರ್ ಜಾಲ) ಫೈಬರ್ ಕೂಡ ಬೆಳಕು ಹಂಚುವ ಸ್ಪ್ಲಿಟರ್‌ನಲ್ಲಿ 32 ಮನೆಗೆ ಕವಲೊಡೆಯುತ್ತದೆ, ಮೇಲಕ್ಕೆ, ಅಂದರೆ ಮನೆಯಿಂದ ಕಂಪನಿ ಕಡೆಗೆ, ಹೋಗುವಾಗ ಎಲ್ಲರದೂ ಒಂದೇ ಎಳೆ. ಅಲ್ಲೂ ಇದೇ ಪದ್ಧತಿ ಯಾಕೆ ಇಟ್ಟಿಲ್ಲ? ವೇಗ ಜಾಸ್ತಿ ಆದರೆ ಡಿಕ್ಕಿ ಬೇಗ ಗೊತ್ತಾಗಬೇಕು ಅಲ್ವಾ?

ಹಳೇ_ರಿಂಗ್:
ಉಲ್ಟಾ. ಬಿಟ್ ಕಳಿಸುವ ವೇಗ ಏರುತ್ತದೆ, ಬೆಳಕಿನ ವೇಗ ಏರಲ್ಲ. ಗಾಜಿನಲ್ಲಿ ಕಿಲೋಮೀಟರ್‌ಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕೇ ಬೇಕು. 10 ಮೆಗಾಬಿಟ್ ಈಥರ್ನೆಟ್‌ನಲ್ಲಿ 64 ಬೈಟ್‌ನ ಅತಿ ಚಿಕ್ಕ ಫ್ರೇಮ್ (ಡೇಟಾ ಕಂತೆ) ಕಳಿಸಲು 51.2 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು, ಅಷ್ಟರೊಳಗೆ ಡಿಕ್ಕಿಯ ಸುದ್ದಿ ವಾಪಸ್ ಬಂದಿರುತ್ತಿತ್ತು. ಜಿಪಾನ್‌ನಲ್ಲಿ ಮೇಲಕ್ಕೆ 1.244 ಗಿಗಾಬಿಟ್, ದೂರ 20 ಕಿ.ಮೀ., ಹೋಗಿ ಬರಲು 200 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಸುಮಾರು 31 ಕಿಲೋಬೈಟ್ ಹೊರಟುಹೋಗಿರುತ್ತದೆ. 1518 ಬೈಟ್‌ನ ಇಪ್ಪತ್ತು ಫ್ರೇಮ್! ಆಮೇಲೆ ಡಿಕ್ಕಿ ಗೊತ್ತಾಗಿ ಏನು ಪ್ರಯೋಜನ? ಗಿಗಾಬಿಟ್ ಈಥರ್ನೆಟ್‌ಗೂ ಇದೇ ತಲೆನೋವು. ಡಿಕ್ಕಿ ಗೊತ್ತಾಗಲು ಇಟ್ಟ ಅವಧಿ, ಅಂದರೆ ಸ್ಲಾಟನ್ನು, 512 ಬೈಟ್‌ಗೆ ಎಳೆದು ನೋಡಿದರು, 2002ರ 10 ಗಿಗಾಬಿಟ್‌ನಲ್ಲಿ ಸಿಎಸ್‌ಎಂಎ/ಸಿಡಿಯನ್ನೇ ಕೈಬಿಟ್ಟರು. 100 ಮೆಗಾಬಿಟ್‌ನ ಎಫ್‌ಡಿಡಿಐ ಫೈಬರ್ ರಿಂಗ್ ಅಂತೂ ಮೊದಲಿನಿಂದಲೂ ಟೋಕನ್ (ಕೈಯಲ್ಲಿದ್ದವರು ಮಾತ್ರ ಕಳಿಸಬಹುದಾದ ಸರದಿ ಚೀಟಿ) ನೆಚ್ಚಿಕೊಂಡೇ ಇತ್ತು.

ಕಂಬದ_ಮೇಲೆ:
ಅದಕ್ಕಿಂತ ಸರಳ ಕಾರಣ ಇದೆ. ಪಕ್ಕದ ಮನೆಯ ಬೆಳಕು ನಿಮ್ಮ ಓಎನ್‌ಟಿಗೆ (ಮನೆಯಲ್ಲಿಡುವ ಫೈಬರ್ ಡಬ್ಬ) ಕಾಣೋದೇ ಇಲ್ಲ. ಸ್ಪ್ಲಿಟರ್ ಅದನ್ನು ಮೇಲೆ ಓಎಲ್‌ಟಿ (ಕಂಪನಿ ಕಡೆಯ ಯಂತ್ರ) ಕಡೆಗೇ ಕಳಿಸುತ್ತದೆ. ಹಾಗಾಗಿ ಓಎಲ್‌ಟಿ ಹೇಳಿದ್ದೇ ಕಾನೂನು. 125 ಮೈಕ್ರೋಸೆಕೆಂಡ್‌ಗೊಮ್ಮೆ ಕೆಳಗೆ ಬರುವ ಫ್ರೇಮಿನಲ್ಲಿ ಯಾರು ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಪಟ್ಟಿ ಇರುತ್ತದೆ. ಹೊಸ ಡಬ್ಬ ಹಾಕಿದಾಗ ಪಾನ್ ಲೈಟ್ ಹಸಿರು ಮಿಣುಕುತ್ತಿರುತ್ತದಲ್ಲ, ಆಗ ಓಎಲ್‌ಟಿ ಉಳಿದವರನ್ನೆಲ್ಲ ಒಂದು ಕ್ಷಣ ಸುಮ್ನಿರಿಸಿ, ಇದಕ್ಕೆ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆದು, ಇಷ್ಟು ತಡೆದು ಕಳಿಸು ಅನ್ನುತ್ತದೆ. ಹತ್ತಿರದವರಿಗೆ ಜಾಸ್ತಿ ತಡೆ, ದೂರದವರಿಗೆ ಕಮ್ಮಿ. ಇಬ್ಬರ ಸರದಿ ನಡುವೆ ಬಿಡುವುದು ಬರೀ 32 ಬಿಟ್, 26 ನ್ಯಾನೋಸೆಕೆಂಡ್ ಅಷ್ಟೇ.

ಸರದಿ ಮುಗಿದ ಕೂಡಲೇ ಲೇಸರ್ ಆರಲೇಬೇಕು. ನಮ್ಮ ಏರಿಯಾದಲ್ಲಿ ಒಂದು ಡಬ್ಬದ ಲೇಸರ್ ಆರದೆ ಉರಿಯುತ್ತಲೇ ಇತ್ತು, ಆ ಸ್ಪ್ಲಿಟರ್‌ನ ಅಷ್ಟೂ ಮನೆಗೆ ನೆಟ್ ಇಲ್ಲ. ಒಂದೊಂದೇ ಎಳೆ ಕಿತ್ತು ನೋಡುತ್ತಾ ಹೋಗಬೇಕಾಯಿತು. ಆ ಮನೆಗೆ ಬೀಗ ಬೇರೆ.

ಆರನೇ_ಸೆಮ್:
ಓ! ಹಾಗಾದರೆ ಪಕ್ಕದವರು ಮಲಗಿದ್ದರೂ ಅವರ ಸರದಿ ಸುಮ್ನೆ ಖಾಲಿ ಹೋಗುತ್ತಾ?

ಹಳೇ_ರಿಂಗ್:
ಇಲ್ಲ, ಅದಕ್ಕೇ ಡಿಬಿಎ (ಬೇಕಾದಷ್ಟೇ ಪಾಲು ಹಂಚುವ ವ್ಯವಸ್ಥೆ) ಇರೋದು. ಕ್ಯೂನಲ್ಲಿ ಎಷ್ಟು ಕಾದಿದೆ ಅಂತ ಓಎನ್‌ಟಿ ವರದಿ ಕಳಿಸುತ್ತದೆ, ಓಎಲ್‌ಟಿ ಅದನ್ನು ನೋಡಿ ಮುಂದಿನ ಸರದಿ ಹಂಚುತ್ತದೆ. 2004ರಲ್ಲಿ ಬಂದ ಈಥರ್ನೆಟ್ ಮಾದರಿಯ ಈಪಾನ್‌ನಲ್ಲಿ ಇದೇ ಕೆಲಸಕ್ಕೆ ಗೇಟ್, ರಿಪೋರ್ಟ್ ಅಂತ ಎರಡು ಮೆಸೇಜ್. ಕೇಳಿ ಪಡೆಯುವುದರಲ್ಲಿ ಸ್ವಲ್ಪ ಹೊತ್ತು ಹೋಗುತ್ತದೆ, ಆದ್ದರಿಂದ ಫೋನ್ ಕರೆಯಂಥ ಟ್ರಾಫಿಕ್‌ಗೆ ಕೇಳದೆಯೇ ಸಿಗುವ ಖಾಯಂ ಪಾಲು ಇಡಬಹುದು. ಅದು ಮಾತ್ರ ಬಳಸದಿದ್ದರೂ ಖಾಲಿಯೇ ಹೋಗುತ್ತದೆ.