ಅರವತ್ತೈದು ದಾಟಿದ ಮೇಲೆ ಇಬ್ಬರೇ ಊರು ಸುತ್ತುವುದು ಹೇಗೆ? ಹೋಗಿ ಬಂದವರು ಹೇಳಿ

ಕೇಳಿದವರು, ದಾವಣಗೆರೆಯಿಂದ:

ನಮ್ಮ ಯಜಮಾನರಿಗೆ 71, ನನಗೆ 66. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಇಷ್ಟು ವರ್ಷ ನೌಕರಿ, ಸಂಸಾರ ಅಂತ ಎಲ್ಲೂ ಹೋಗಲಿಲ್ಲ. ಈಗ ಇಬ್ಬರೇ ನಿಧಾನವಾಗಿ ನಮ್ಮ ನಾಡನ್ನು ನೋಡಬೇಕು, ಆಮೇಲೆ ಒಮ್ಮೆ ಕಾಶಿಗೆ ಹೋಗಬೇಕು ಅಂತ ಆಸೆ. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನನಗೆ ಮಂಡಿ ನೋವು, ಕೆಳಗೆ ಕೂತರೆ ಏಳುವುದಕ್ಕೆ ಆಗುವುದಿಲ್ಲ. ಹೋದ ವರ್ಷ ಒಂದು ಪ್ಯಾಕೇಜ್ ಟೂರಿಗೆ ಹೋಗಿದ್ದೆವು. ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ ದಿನಕ್ಕೆ ಐದು ದೇವಸ್ಥಾನ ತೋರಿಸಿದರು. ಯಾವ ದೇವರನ್ನು ಯಾವ ಊರಲ್ಲಿ ನೋಡಿದೆವು ಅನ್ನುವುದೇ ಈಗ ನೆನಪಿಲ್ಲ. ಮಕ್ಕಳು "ಈ ವಯಸ್ಸಲ್ಲಿ ಯಾಕಮ್ಮ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು, ಹೇಗೆ ಹೋಗಬೇಕು, ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ:

ಖಂಡಿತ ಹೋಗಿ ಅಕ್ಕ. ನಾವೂ ನಿಮ್ಮ ವಯಸ್ಸಿನವರೇ, ನಮ್ಮನೆಯವರು ನಿವೃತ್ತರಾದ ಮೇಲೆ ಹೀಗೆ ಇಬ್ಬರೇ ಓಡಾಡುತ್ತಿದ್ದೇವೆ. ನನಗೆ ಗೊತ್ತಾಗಿರುವುದು ಇಷ್ಟು. ಇಬ್ಬರಲ್ಲಿ ಯಾರಿಗೆ ನಡೆಯುವುದು ಕಷ್ಟವೋ ಅವರ ಕಾಲಿಗೆ ತಕ್ಕಂತೆ ದಿನವನ್ನು ಹೊಂದಿಸಬೇಕು. ಗಟ್ಟಿ ಇರುವವರ ಕಾಲಿಗೆ ಹೊಂದಿಸಿದರೆ ಇನ್ನೊಬ್ಬರು ಇಡೀ ದಿನ ಹಲ್ಲು ಕಚ್ಚಿಕೊಂಡು ಹಿಂದೆ ಬರುತ್ತಾರೆ. ಸಂಜೆ ಹೊತ್ತಿಗೆ ಇಬ್ಬರಿಗೂ ಮಾತು ಬೇಡ ಅನ್ನಿಸಿರುತ್ತದೆ.

ಅದಕ್ಕೇ ಒಂದು ಊರಿಗೆ ಹೋಗಿ ಮೂರು ನಾಲ್ಕು ರಾತ್ರಿ ಅಲ್ಲೇ ಇರಿ. ದಿನಕ್ಕೆ ಒಂದೇ ಜಾಗ. ಬೆಳಗ್ಗೆ ಹತ್ತೂವರೆ ಒಳಗೆ ನೋಡಿ ಮುಗಿಸಿ, ಊಟ ಮಾಡಿ ಮಲಗಿ. ಸಂಜೆ ಸುಮ್ನೆ ಊರೊಳಗೆ ಒಂದು ಸುತ್ತು ಹಾಕಿದರೆ ಸಾಕು.

ನೀವು ದಾವಣಗೆರೆಯವರು, ಹಂಪಿ ಹತ್ತಿರವೇ ಇದೆ, ಅಲ್ಲಿಂದ ಶುರು ಮಾಡಬಹುದು. ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ಉಳಿದುಕೊಳ್ಳಿ. ಕಮಲ ಮಹಲ್, ಆನೆ ಲಾಯದ ಕಡೆ ನೆಲ ಸಮ ಇದೆ. ವಿಠ್ಠಲ ದೇವಸ್ಥಾನಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ವಾಹನ ಬಿಡುತ್ತಾರೆ, ಬಿಸಿಲಲ್ಲಿ ನಡೆಯುವುದು ತಪ್ಪುತ್ತದೆ. ಮಾತಂಗ ಬೆಟ್ಟದ ಯೋಚನೆ ಬಿಟ್ಟುಬಿಡಿ. ಮಾರ್ಚ್‌ನಿಂದ ಮೇ ತನಕ ಆ ಕಡೆ ಹೋಗಲೇಬೇಡಿ, ಬಂಡೆ ಕಾದು ಮುಖಕ್ಕೆ ಹೊಡೆಯುತ್ತದೆ.

ನನಗೆ ಹಂಪಿಗಿಂತ ಇಷ್ಟವಾಗಿದ್ದು ಬಾದಾಮಿ. ಗುಹಾಲಯಗಳಿಗೆ ಮೆಟ್ಟಿಲು ಹತ್ತಬೇಕು, ನಿಜ. ಆದರೆ ಮೊದಲನೆಯ ಗುಹೆ ಕೆಳಗೇ ಇದೆ. ಹದಿನೆಂಟು ಕೈಗಳ ನಟರಾಜ ಇರುವುದು ಅಲ್ಲೇ. ನಾನು ಅಲ್ಲೇ ಕಟ್ಟೆ ಮೇಲೆ ಕೂತೆ, ನಮ್ಮನೆಯವರು ಮೇಲೆ ಹೋಗಿ ಬಂದರು. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಭೂತನಾಥ ದೇವಸ್ಥಾನದ ತನಕ ಸಮತಟ್ಟಾದ ದಾರಿ, ಅದಕ್ಕೆ ಜೊತೆಯಾಗಿ ಹೋದೆವು. ಕೋತಿಗಳಿವೆ, ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಬೇಡ. ಪಟ್ಟದಕಲ್ಲು ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹಸಿರು ಹುಲ್ಲಿನ ಮಧ್ಯೆ ಎಲ್ಲ ಗುಡಿಗಳೂ ಒಂದೇ ಕಡೆ ಇವೆ, ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಜಾಗ. ಬನಶಂಕರಿ ಗುಡಿ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಊಟ ತಂದು ಬಡಿಸುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಾಳು ಪಲ್ಯ, ಮೇಲೆ ಗಟ್ಟಿ ಮೊಸರು. ಮದುವೆಯಾದಾಗಿನಿಂದ ನಾನು ಬಡಿಸಿಯೇ ಊಟ ಮಾಡಿದ ನಮ್ಮನೆಯವರು, ಅವತ್ತು "ಮೊದಲು ಇವಳಿಗೆ ಬಡಿಸಿ" ಅಂತ ಬಡಿಸುತ್ತಿದ್ದ ಆಕೆಗೆ ಹೇಳಿದರು. "ಇನ್ನೊಂದ್ ರೊಟ್ಟಿ ತಗೋರಿ ಅವ್ವಾರ" ಅಂತ ಆಕೆ ಕೇಳಿ ಕೇಳಿ ಹಾಕಿದರು.

ರೂಮು ಬುಕ್ ಮಾಡುವಾಗ ಬಾಡಿಗೆಗಿಂತ ಮೊದಲು ಇದನ್ನು ಕೇಳಿ: ಕಮೋಡ್ ಇದೆಯಾ, ರೂಮು ನೆಲಮಹಡಿಯಲ್ಲಿ ಸಿಗುತ್ತದಾ ಅಥವಾ ಲಿಫ್ಟ್ ಇದೆಯಾ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ. ಫೋಟೋ ನೋಡಿ ನಂಬಬೇಡಿ, ಫೋನ್ ಮಾಡಿ ಬಾಯಲ್ಲೇ ಕೇಳಿ. ಬಚ್ಚಲಿನಲ್ಲಿ ಜಾರದ ಹಾಗೆ ರಬ್ಬರ್ ಚಪ್ಪಲಿ ಒಯ್ಯಿರಿ. ಅಪರಿಚಿತ ರೂಮಿನಲ್ಲಿ ರಾತ್ರಿ ಎದ್ದಾಗಲೇ ಬೀಳುವುದು ಜಾಸ್ತಿ. ಬಚ್ಚಲಿನ ದೀಪ ಹಾಕಿ, ಬಾಗಿಲು ಸ್ವಲ್ಪ ತೆರೆದಿಟ್ಟು ಮಲಗಿ.

ಹುಬ್ಬಳ್ಳಿಯಿಂದ:

ಅಕ್ಕಾವ್ರೇ, ದೂರದ ದಾರಿಗೆ ರೈಲೇ ಒಳ್ಳೆಯದು. ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ. ಹಿರಿಯರಿಗೆ ಇದ್ದ ದರದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು, ಅದಕ್ಕೆ ಕಾಯುತ್ತಾ ಕೂರಬೇಡಿ. ಆದರೆ ಕೆಳಗಿನ ಬರ್ತ್‌ನ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ಆಗಿದ್ದರೆ ಸಿಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಮಗಳೋ ಮೊಮ್ಮಗನೋ ಜೊತೆಗೆ ಬರುತ್ತಾರೆ ಅಂತ ಮೂರನೆಯ ಹೆಸರು ಸೇರಿಸಿದರೆ ಆ ಕೋಟಾ ಹೋಯಿತು. ಅವರಿಗೆ ಬೇರೆ ಟಿಕೆಟ್ ಮಾಡಿಸಿ. 2024ರ ನವೆಂಬರ್‌ನಿಂದ 60 ದಿನ ಮೊದಲು ಬುಕಿಂಗ್ ಶುರುವಾಗುತ್ತದೆ. ಹಾಗೆ ಮುಂಚಿತವಾಗಿ ಮಾಡಿಸಿ, ತತ್ಕಾಲ್ ನಂಬಿಕೊಳ್ಳಬೇಡಿ. ಅಕಸ್ಮಾತ್ ಮೇಲಿನ ಬರ್ತ್ ಬಂದರೆ ಟಿಟಿಇ ಹತ್ತಿರ ಕೇಳಿ, ಕೆಳಗಿನದು ಖಾಲಿ ಇದ್ದರೆ ಕೊಡುತ್ತಾರೆ.

ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿಗೇ ಉದ್ದ. ಹೆಮ್ಮೆಯ ವಿಷಯವೇ. ಆದರೆ ಬ್ಯಾಗು ಹಿಡಿದು ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವುದು ಎಪ್ಪತ್ತರ ಕಾಲಿಗೆ ಆಗುವ ಕೆಲಸವಲ್ಲ. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿಕೊಂಡು ಅಲ್ಲೇ ಹೋಗಿ ಕೂತಿರಿ. ಅರ್ಧ ಗಂಟೆ ಮುಂಚೆ ಹೋದರೆ ಓಡುವ ಪ್ರಶ್ನೆಯೇ ಬರುವುದಿಲ್ಲ. ಹಮಾಲರಿಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಬೇಡಿ. ರೈಲಿನಲ್ಲಿ ಏನೇ ತೊಂದರೆಯಾದರೂ 139ಕ್ಕೆ ಫೋನ್ ಮಾಡಿ.

ಹಾಸನದಿಂದ, ಒಬ್ಬ ಗೃಹಿಣಿ:

ಬಸ್ಸನ್ನು ಬಿಟ್ಟುಕೊಡಬೇಡಿ ಅಕ್ಕ. ಸಣ್ಣ ದಾರಿಗೆ ಅದರಷ್ಟು ಅನುಕೂಲ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ನಾನು ಜಾಸ್ತಿ ಓಡಾಡುತ್ತಿದ್ದೇನೆ. ನಿಮಗೆ ಟಿಕೆಟ್ ಉಚಿತ, ಯಜಮಾನರಿಗೆ ಹಿರಿಯ ನಾಗರಿಕರ 25% ರಿಯಾಯಿತಿ. ಇಬ್ಬರ ಆಧಾರ್ ಕಾರ್ಡೂ ಜೊತೆಗಿರಲಿ. ನಿಮ್ಮದರಲ್ಲಿ ಕರ್ನಾಟಕದ ವಿಳಾಸ ಇರಬೇಕು. ಕಂಡಕ್ಟರ್ ಕೊಡುವ ಶೂನ್ಯ ಮೊತ್ತದ ಟಿಕೆಟನ್ನು ಇಳಿಯುವ ತನಕ ಇಟ್ಟುಕೊಳ್ಳಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಶಕ್ತಿ ಇಲ್ಲ. ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋದರೆ ದುಡ್ಡು ಕೊಡಬೇಕು, ಅದು ಆಂಧ್ರ.

ಯಾವ ವಾರ ಹೋಗುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಸೋಮವಾರ ಧರ್ಮಸ್ಥಳ, ಮಂಗಳವಾರ ಶುಕ್ರವಾರ ಅಮ್ಮನವರ ಗುಡಿಗಳು, ಗುರುವಾರ ಮಂತ್ರಾಲಯ, ಇವೆಲ್ಲ ಬೇಡ. ಶನಿವಾರ ಭಾನುವಾರ ಯಾವ ಗುಡಿಯೂ ಬೇಡ. ಮಂಜುನಾಥ ಸ್ವಾಮಿ ಬುಧವಾರವೂ ಅಲ್ಲೇ ಇರುತ್ತಾನೆ, ನಿಂತು ನೋಡುವುದಕ್ಕೆ ನಾಲ್ಕು ನಿಮಿಷ ಜಾಸ್ತಿ ಸಿಗುತ್ತದೆ.

ನಮ್ಮ ಕಡೆ ಬಂದರೆ ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಮೇಲೆ ಕಲ್ಲು ಸುಡುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಕಾಲು ಜೋಮು ಹಿಡಿದಿರುತ್ತದೆ, ಸುಟ್ಟದ್ದೂ ಗೊತ್ತಾಗುವುದಿಲ್ಲ. ಯಜಮಾನರಿಗೆ ಇದು ಕಡ್ಡಾಯ ಅಂತಲೇ ತಿಳಿಯಿರಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಡೋಲಿ ಸಿಗುತ್ತದೆ, ನಮ್ಮ ಅತ್ತೆಯವರು ಅದರಲ್ಲೇ ಹೋಗಿ ಗೊಮ್ಮಟನನ್ನು ಕಣ್ತುಂಬ ನೋಡಿ ಬಂದರು. ಡೋಲಿಯಲ್ಲಿ ಕೂರಲು ನಾಚಿಕೆ ಪಡುವವರಿದ್ದಾರೆ. ಏನೂ ನಾಚಿಕೆ ಬೇಡ.

ಮಂಗಳೂರಿನಿಂದ, ನಿವೃತ್ತ ನರ್ಸ್:

ಇನ್ಸುಲಿನ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಈಗ ಬಳಸುತ್ತಿರುವ ಇನ್ಸುಲಿನ್ ಸುಮಾರು ನಾಲ್ಕು ವಾರ ಹೊರಗಿದ್ದರೂ ಸಾಮಾನ್ಯವಾಗಿ ಕೆಡುವುದಿಲ್ಲ, ಆದರೆ ಸೆಕೆಗೆ ಕೆಡುತ್ತದೆ. ಡಬ್ಬಿಯ ಮೇಲೆ ಎಷ್ಟು ದಿನ, ಎಷ್ಟು ಡಿಗ್ರಿ ಅಂತ ಬರೆದಿರುತ್ತದೆ, ಓದಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬಸ್ಸಿನ ಡಿಕ್ಕಿಯಲ್ಲಿ ಇಡಲೇಬಾರದು. ಐಸ್‌ಗೆ ನೇರವಾಗಿ ತಾಗಿಸಲೂಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕು. ಬಾಯಗಲದ ಫ್ಲಾಸ್ಕಿನಲ್ಲಿ ತಣ್ಣನೆ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ. ಒಳಗೆ ಒರೆಸಿ, ಇನ್ಸುಲಿನ್ನನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಪ್ರಯಾಣದ ದಿನಕ್ಕೆ ಸಾಕಾಗುತ್ತದೆ. ವಿಮಾನದಲ್ಲಿ ಹೋದರೆ ಕೈಚೀಲದಲ್ಲೇ ಇರಲಿ.

ಇದಕ್ಕಿಂತ ಮುಖ್ಯ ಊಟದ ಹೊತ್ತು. ಮನೆಯಲ್ಲಿ ಸೂಜಿ ಚುಚ್ಚಿಕೊಂಡ ಕೂಡಲೇ ನೀವು ತಟ್ಟೆ ಇಡುತ್ತೀರಿ. ದೇವಸ್ಥಾನದ ಅನ್ನಛತ್ರದಲ್ಲಿ ಸಾಲು ಎಷ್ಟಿದೆ ಅಂತ ಯಾರಿಗೆ ಗೊತ್ತು? ಊಟಕ್ಕೆ ಮುಂಚಿನ ಇನ್ಸುಲಿನ್ ಆದರೆ ಎಲೆ ಮುಂದೆ ಕೂರುವ ತನಕ ಚುಚ್ಚಿಕೊಳ್ಳಬಾರದು. ಯಾವುದನ್ನು ಎಷ್ಟು ಹೊತ್ತು ತಡ ಮಾಡಬಹುದು ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ ಬರೆದುಕೊಳ್ಳಿ. ಅವರ ಅಂಗಿ ಜೇಬಿನಲ್ಲೂ ನಿಮ್ಮ ಪರ್ಸಿನಲ್ಲೂ ಗ್ಲೂಕೋಸ್ ಪುಡಿ ಇರಲಿ. ಅವರು ಬೆವರಿ, ನಡುಗಿ, ಸುಮ್ಮಸುಮ್ಮನೆ ಸಿಟ್ಟು ಮಾಡಿದರೆ ವಾದ ಮಾಡಬೇಡಿ, ಮೊದಲು ಸಕ್ಕರೆ ನೀರು ಕುಡಿಸಿ.

ಇನ್ನೊಂದು ಮಾತು, ಹೆಂಗಸರಿಗೆ. ದಾರಿಯಲ್ಲಿ ಬಾತ್‌ರೂಮಿಗೆ ಹೋಗುವುದು ಬೇಡ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂರುತ್ತೀರಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಉರಿಮೂತ್ರ, ತಲೆಸುತ್ತು ಎಲ್ಲ ಅದರಿಂದಲೇ. ಕಾರು ಮಾಡಿಕೊಂಡು ಹೋದರೆ ಎರಡು ಗಂಟೆಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಲು ಡ್ರೈವರಿಗೆ ಮೊದಲೇ ಹೇಳಿ. ಇಳಿದು ಹತ್ತು ಹೆಜ್ಜೆ ನಡೆದರೆ ಕಾಲು ಊದುವುದೂ ಕಡಿಮೆಯಾಗುತ್ತದೆ.

ಬೆಂಗಳೂರಿನಿಂದ:

ಮೇಡಂ, ನಾನು ಗಂಡನ ಕಡೆಯಿಂದ ಬರೆಯುತ್ತಿದ್ದೇನೆ. ಟಿಕೆಟ್, ದುಡ್ಡು, ಹೋಟೆಲ್ ಎಲ್ಲ ಗಂಡನ ಫೋನಿನಲ್ಲಿ, ಔಷಧಿ ಎಲ್ಲ ಹೆಂಡತಿಯ ಚೀಲದಲ್ಲಿ. ನಮ್ಮ ವಯಸ್ಸಿನ ಮನೆಗಳಲ್ಲಿ ಹೀಗೇ ಇರುತ್ತದೆ. ಊರು ಬಿಟ್ಟ ಊರಲ್ಲಿ ಒಬ್ಬರು ಹುಷಾರು ತಪ್ಪಿದರೆ ಇನ್ನೊಬ್ಬರು ಏನು ಮಾಡಬೇಕು? ನಮ್ಮ ಮನೆಯಾಕೆ ಈಗ ಫೋನ್‌ಪೇ ಮಾಡುತ್ತಾಳೆ, ರೈಲು ಎಲ್ಲಿದೆ ಅಂತ ನೋಡುತ್ತಾಳೆ. ನನಗೆ ಅವಳ ಬಿಪಿ ಮಾತ್ರೆಯ ಹೆಸರು, ಎಷ್ಟು ಎಂಜಿ, ಎಷ್ಟು ಹೊತ್ತಿಗೆ ಅನ್ನುವುದೆಲ್ಲ ಬಾಯಿಪಾಠ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿ ಇಡುತ್ತೇವೆ. ಒಂದು ಕಾಗದದಲ್ಲಿ ಔಷಧಿ, ರಕ್ತದ ಗುಂಪು, ಮಕ್ಕಳ ನಂಬರು ಬರೆದು ಇಬ್ಬರೂ ಇಟ್ಟುಕೊಂಡಿರುತ್ತೇವೆ. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಹಿರಿಯರ ಸಹಾಯವಾಣಿ 14567.

ಮಕ್ಕಳು ಬೇಡ ಅನ್ನುವುದು ಭಯದಿಂದ. ರಾತ್ರಿ ರೂಮು ಸೇರಿದ ಮೇಲೆ ಒಂದು ಫೋಟೋ, ಎರಡು ಸಾಲು ಮೆಸೇಜು ಹಾಕಿ. ಒಂದೆರಡು ಸಲ ಹೋಗಿ ಬಂದರೆ "ಮುಂದಿನ ಸಲ ಎಲ್ಲಿಗೆ" ಅಂತ ಅವರೇ ಕೇಳುತ್ತಾರೆ. ನಮ್ಮ ಮಗ ಈಗ ಹಾಗೇ ಕೇಳುತ್ತಾನೆ.

ಪಿಂಚಣಿದಾರರಾದರೆ ನವೆಂಬರ್ ಲೈಫ್ ಸರ್ಟಿಫಿಕೇಟ್ ತಿಂಗಳು. ಮೊಬೈಲಿನಲ್ಲೇ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಿಸುವ ಸೌಲಭ್ಯ ಇದೆ. ಆದರೂ ಅದನ್ನು ಮುಗಿಸಿಕೊಂಡೇ ಹೊರಡಿ, ತಲೆ ಹಗುರ.

ದಾವಣಗೆರೆಯಿಂದ, ಕೇಳಿದವರೇ:

ಎಲ್ಲರಿಗೂ ನಮಸ್ಕಾರ. ಇವರಿಗೆ ಓದಿ ಹೇಳಿದೆ, ಬಾದಾಮಿಗೆ ತಕ್ಷಣ ಒಪ್ಪಿದರು. ಕಾಶಿಗೆ ಹೋಗಿ ಬಂದವರು ಇದ್ದರೆ ಅದನ್ನೂ ಹೇಳಿ. ಯಾವ ಕಾಲದಲ್ಲಿ ಹೋದರೆ ಒಳ್ಳೆಯದು?

ಶಿವಮೊಗ್ಗದಿಂದ:

ಅಮ್ಮಾ, ನಾವು ಹೋಗಿ ಬಂದಿದ್ದೇವೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲ ಭಾಗ ಒಳ್ಳೆಯದು. ಶಿವರಾತ್ರಿಯ ಹಿಂದೆಮುಂದೆ ಬಿಟ್ಟು ನೋಡಿ, ಆಗ ಜನಸಾಗರ. ಡಿಸೆಂಬರ್, ಜನವರಿಯಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡ. ಮೇ, ಜೂನ್ ಬಿಸಿಲು ತಡೆಯಲು ಆಗುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಂಗೆ ಏರಿ ಘಾಟಿನ ಮೆಟ್ಟಿಲು ಮುಳುಗಿರುತ್ತವೆ.

ರೈಲಿನಲ್ಲಿ ಬೆಂಗಳೂರಿನಿಂದ ಎರಡು ರಾತ್ರಿ. ಕೈಲಾದರೆ ಹೋಗುವಾಗ ವಿಮಾನದಲ್ಲಿ ಹೋಗಿ, ಬರುವಾಗ ರೈಲಿನಲ್ಲಿ ಬನ್ನಿ. ಹೋಗಿ ಇಳಿದಾಗ ಮೈಯಲ್ಲಿ ಶಕ್ತಿ ಇರಬೇಕು. ವಿಮಾನಕ್ಕೆ ಎರಡು ದಿನ ಮೊದಲೇ ಗಾಲಿಕುರ್ಚಿ ಬೇಕು ಅಂತ ಹೇಳಿಡಿ. ಗುಂಪಿನಲ್ಲಿ ಹೋಗುವುದೇ ಬೇಡ ಅಂತ ನಾನು ಹೇಳುವುದಿಲ್ಲ. ಮುಜರಾಯಿ ಇಲಾಖೆಯ ಸಹಾಯಧನದಲ್ಲಿ 2022ರಿಂದ ಭಾರತ್ ಗೌರವ್ ಕಾಶಿ ಯಾತ್ರೆಯ ರೈಲು ಬಿಡುತ್ತಿದ್ದಾರೆ. ಊಟ, ವಸತಿಯ ಚಿಂತೆ ಇರುವುದಿಲ್ಲ, ಭಾಷೆ ಬಾರದವರಿಗೆ ಧೈರ್ಯ. ಆದರೆ ನಿಮಗೆ ಅವಸರ ಆಗುವುದಿಲ್ಲ ಅಂದಿರಲ್ಲ, ಅದರಲ್ಲಿ ಗಯಾ, ಅಯೋಧ್ಯೆ, ಪ್ರಯಾಗ ಎಲ್ಲ ಸೇರಿರುತ್ತವೆ, ನೋಡಿಕೊಳ್ಳಿ.

ಘಾಟಿನ ಮೆಟ್ಟಿಲು ಎತ್ತರ, ಕೆಳಗಿನವು ಪಾಚಿ ಕಟ್ಟಿ ಜಾರುತ್ತವೆ. ಸ್ನಾನಕ್ಕೆ ಇಳಿಯುವಾಗ ಒಬ್ಬರು ಮೇಲೆ ನಿಂತು ಬಟ್ಟೆ, ಚೀಲ ನೋಡಿಕೊಳ್ಳಿ, ಇನ್ನೊಬ್ಬರು ಇಳಿಯಿರಿ, ಕಂಬವೋ ಸರಪಳಿಯೋ ಇರುವ ಕಡೆ. ನಿಮ್ಮ ಮಂಡಿಗೆ ಅದೂ ಆಗದಿದ್ದರೆ ದೋಣಿ ಮಾಡಿಕೊಂಡು ನಡುವೆ ಹೋಗಿ ತಂಬಿಗೆಯಲ್ಲಿ ನೀರು ಮೊಗೆದು ತಲೆ ಮೇಲೆ ಹಾಕಿಕೊಳ್ಳಿ, ನಾವು ಹಾಗೇ ಮಾಡಿದ್ದು. ಬೆಳಗ್ಗೆ ಆರು ಗಂಟೆಯ ದೋಣಿಯಲ್ಲಿ ಎಲ್ಲ ಘಾಟುಗಳೂ ಕೂತಲ್ಲೇ ಕಾಣುತ್ತವೆ. ದರ ಹತ್ತುವ ಮೊದಲೇ ಮಾತಾಡಿ. ವಿಶ್ವನಾಥನ ಗುಡಿಗೆ ಮೊಬೈಲು ಒಯ್ಯಲು ಬಿಡುವುದಿಲ್ಲ, ರೂಮಿನಲ್ಲೇ ಬಿಟ್ಟು ಹೋಗಿ. ಹೊರಡುವ ಮೊದಲು, ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಅಂತ ಇಬ್ಬರೂ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ರೂಮಿನ ವಿಳಾಸ ಹಿಂದಿಯಲ್ಲಿ ಬರೆಸಿ ಇಬ್ಬರ ಜೇಬಿನಲ್ಲೂ ಇರಲಿ.