ಮರು: 'ನೆಕ್ಸ್ಟ್ ಜನರೇಶನ್' ಕನ್‌ಸೋಲ್: ಆವೃತ್ತಿಯಾ, ಪೀಳಿಗೆಯಾ, ತಲೆಮಾರಾ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ 'ನೆಕ್ಸ್ಟ್ ಜನರೇಶನ್'ಗೆ ಕನ್ನಡದಲ್ಲಿ ಒಂದು ಪದ ಕೇಳಿದ್ದೆ. ಬಂದ ಉತ್ತರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎರವಲು ಪದಗಳ ಜಗಳಕ್ಕೆ ಹೋಗಿವೆ. ಅದಕ್ಕೂ ಬರುತ್ತೇನೆ, ಮೊದಲು ಕೆಲಸದ ಮಾತು.

ಈಗ ಓದುತ್ತಿರುವವರಿಗೆ ಮತ್ತೊಮ್ಮೆ: ಭಾನುವಾರ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಮಕ್ಕಳ ಚರ್ಚಾಸ್ಪರ್ಧೆ ಇದೆ. ವಿಷಯ ಮಕ್ಕಳೇ ಆರಿಸಿದ್ದು. ವಿಡಿಯೋ ಗೇಮ್ ಕಂಪನಿ ತನ್ನ ಮುಂದಿನ ಕನ್‌ಸೋಲನ್ನು (ಟೀವಿಗೆ ಜೋಡಿಸಿ ಗೇಮ್ ಆಡುವ ಯಂತ್ರವನ್ನು) ಯಾವಾಗ ತರಬೇಕು, ಬೇಗನೆಯಾ ಅಥವಾ ಕಾದು ನೋಡಿಯಾ? ಆರಡಿಯ ಫ್ಲೆಕ್ಸ್. ಸ್ಟೇಷನ್ ಹತ್ತಿರದ ಅಂಗಡಿಯವರು ರಾತ್ರಿ ಎಂಟಕ್ಕೆ ಪ್ರಿಂಟಿಗೆ ಹಾಕುತ್ತಾರೆ.

> 'ಆವೃತ್ತಿ' ಸಾಕು. ಇಷ್ಟಕ್ಕೆಲ್ಲ ಚರ್ಚೆ ಬೇಡ.

ಸಾಕಾಗುವುದಿಲ್ಲ. ಪುಸ್ತಕದ ಎರಡನೇ ಆವೃತ್ತಿ ಅಂದರೆ ಅದೇ ಪುಸ್ತಕ, ತಪ್ಪು ತಿದ್ದಿ ಮತ್ತೆ ತಂದದ್ದು. ಸೋನಿ ಕಂಪನಿಯ ಪ್ಲೇಸ್ಟೇಷನ್ (ಪಿಎಸ್) ಯಂತ್ರಗಳಲ್ಲಿ 2016ರ ಪಿಎಸ್ ಫೋರ್ ಪ್ರೋ ಅಂಥದ್ದು. ಅದೇ ಆಟಗಳು, ಚಿತ್ರ ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೇ. 2020ರ ಪಿಎಸ್ ಫೈವ್ ಹಾಗಲ್ಲ. ಅದಕ್ಕೆಂದೇ ಮಾಡಿದ ಆಟ ಹಳೆಯ ಯಂತ್ರದಲ್ಲಿ ಓಡುವುದೇ ಇಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ವೇದಿಕೆ ಮೇಲೆ ಮಗು 2016ರಿಂದ 2020ಕ್ಕೆ ಲೆಕ್ಕ ಹಾಕಿ, ನಾಲ್ಕು ವರ್ಷಕ್ಕೊಂದು ಬರುತ್ತದೆ ಅಂದುಬಿಡುತ್ತದೆ. ಪ್ಲೇಸ್ಟೇಷನ್ ಬಂದದ್ದು 1994, 2000, 2006, 2013, 2020. ಅಂದರೆ ಆರು, ಆರು, ಏಳು, ಏಳು ವರ್ಷಗಳ ಅಂತರ. ಚರ್ಚೆ ನಿಂತಿರುವುದೇ ಈ ಲೆಕ್ಕದ ಮೇಲೆ.

ಈ ವ್ಯತ್ಯಾಸ ಜನರಿಗೆ ತಿಳಿಯದಿದ್ದರೆ ಏನಾಗುತ್ತದೆ ಅಂತ ನೋಡಬೇಕಾದರೆ ನಿಂಟೆಂಡೋ ಅನ್ನುವ ಇನ್ನೊಂದು ಗೇಮ್ ಕಂಪನಿಯ ಕಥೆ ಇದೆ. ಅವರ 'ವೀ' ಅನ್ನುವ ಯಂತ್ರ 2006ರಲ್ಲಿ ಬಂತು, ಹತ್ತು ಕೋಟಿಗೂ ಮೀರಿ ಮಾರಾಟವಾಯಿತು. 2012ರಲ್ಲಿ ಹೊಸ ಯಂತ್ರ ತಂದರು. ಹೆಸರು ವೀ ಯು. ಹೆಸರಿಗೆ ಒಂದೇ ಒಂದು ಅಕ್ಷರ ಸೇರಿತ್ತು. ಎಷ್ಟೋ ಜನ ಅದನ್ನು ಹಳೆಯ ವೀಗೆ ಜೋಡಿಸುವ ಬಿಡಿಭಾಗ ಅಂದುಕೊಂಡರು. ಬೇರೆ ಕಾರಣಗಳೂ ಇದ್ದವು, ಆದರೆ ಮಾರಾಟ 1.35 ಕೋಟಿಯ ಹತ್ತಿರವೇ ನಿಂತಿತು. ತಲೆಮಾರು ಬದಲಾಗಿದೆ ಅನ್ನುವುದೇ ಕೊಳ್ಳುವವರಿಗೆ ಮುಟ್ಟಲಿಲ್ಲ. ಹೆಸರಿನಲ್ಲಿ ಏನಿದೆ ಅಂತ ಕೇಳಿದವರು ದಯವಿಟ್ಟು ಇದನ್ನು ಗಮನಿಸಿ.

> ತಲೆಮಾರು ಅಂದರೆ ರಕ್ತಸಂಬಂಧ. ಯಂತ್ರಕ್ಕೆ ತಲೆ ಎಲ್ಲಿದೆ? 'ಪೀಳಿಗೆ' ಹಾಕಿ, ಮುಗಿಸಿ.

ಇದನ್ನು ಒಪ್ಪಲಾರೆ. ಮಾತಿನಲ್ಲಿ ಇವೆರಡೂ ಹೇಗೆ ಓಡಾಡುತ್ತವೆ ನೋಡಿ. ಯುವ ಪೀಳಿಗೆ, ಇಂದಿನ ಪೀಳಿಗೆ ಅನ್ನುತ್ತೇವೆ. ಅದು ಒಂದು ಗುಂಪು. ತಲೆಮಾರನ್ನು ನಾವು ಎಣಿಸುತ್ತೇವೆ. ಏಳು ತಲೆಮಾರು ಕೂತು ತಿಂದರೂ ಕರಗದ ಆಸ್ತಿ ಅನ್ನುತ್ತೇವೆ, ಅಲ್ವಾ? ನಮಗಿಲ್ಲಿ ಬೇಕಾದದ್ದು ಎಣಿಕೆಯ ಪದ. ತಮಿಳಿನ ತಲೈಮುರೈ, ಮಲಯಾಳದ ತಲಮುರ, ಅಲ್ಲೂ ತಲೆಯನ್ನೇ ಎಣಿಸುತ್ತಾರೆ.

ಇನ್ನೂ ಒಂದು ಕಾರಣ ಇದೆ, ನನಗೆ ಅದೇ ಮುಖ್ಯ. ಮೊಮ್ಮಗ ಹುಟ್ಟಿದ ಅಂತ ಅಜ್ಜ ಮನೆ ಬಿಟ್ಟು ಹೋಗುವುದಿಲ್ಲ. ಎರಡು ತಲೆಮಾರು ಒಂದೇ ಸೂರಿನಡಿ ಇರುತ್ತವೆ. ಪಿಎಸ್ ತ್ರೀ ಬಂದ ಮೇಲೂ ಪಿಎಸ್ ಟೂ ಸುಮಾರು ಆರು ವರ್ಷ ತಯಾರಾಗುತ್ತಲೇ ಇತ್ತು. ನಮ್ಮ ಮನೆಯಲ್ಲೂ ಹಾಗೇ. ಟೀವಿ ಕೆಳಗೆ ಹೊಸದು, ಅದರ ಪಕ್ಕದಲ್ಲೇ ಹಳೆಯದು. ಹಳೆಯದರ ಫ್ಯಾನು ಬೇಸಿಗೆಯಲ್ಲಿ ಮಿಕ್ಸಿಯ ಹಾಗೆ ಕೂಗುತ್ತದೆ. ಆದರೂ ಚಿಕ್ಕವಳು ಅದನ್ನು ಬಿಟ್ಟಿಲ್ಲ. 'ಆವೃತ್ತಿ'ಯಲ್ಲಿ ಈ ಅರ್ಥ ಬರುವುದಿಲ್ಲ. ಹೊಸ ಆವೃತ್ತಿ ಬಂತೆಂದರೆ ಹಳೆಯದು ರದ್ದಿಗೆ.

> 'ಬಿಡುಗಡೆ' ಜೈಲಿನವರಿಗೆ. 'ಘೋಷಣೆ' ಅನ್ನಿ.

ಸಿನಿಮಾ, ಪುಸ್ತಕ ಎಲ್ಲ ಬಿಡುಗಡೆಯೇ ಆಗುತ್ತವೆ. ಘೋಷಣೆ ಬೇರೆ, ಬಿಡುಗಡೆ ಬೇರೆ. ನಿಂಟೆಂಡೋದ ಸ್ವಿಚ್ ಟೂ ಯಂತ್ರದ ಘೋಷಣೆ 2025ರ ಜನವರಿಯಲ್ಲಿ, ಅಂಗಡಿಗೆ ಬಂದದ್ದು ಜೂನ್ 5ಕ್ಕೆ. 1995ರ ಮೇ ತಿಂಗಳಲ್ಲಿ ಸೆಗಾ ಅನ್ನುವ ಗೇಮ್ ಕಂಪನಿ ಅಮೆರಿಕದ ಒಂದು ಗೇಮ್ ಮೇಳದಲ್ಲಿ ಇವೆರಡನ್ನೂ ಒಂದೇ ದಿನ ಮಾಡಿತು. ಸೆಪ್ಟೆಂಬರಿಗೆ ಅಂತಿದ್ದ ನಮ್ಮ ಸ್ಯಾಟರ್ನ್ ಯಂತ್ರ ಇವತ್ತೇ ಅಂಗಡಿಯಲ್ಲಿದೆ ಅಂದರು. ಬೆಲೆ 399 ಡಾಲರ್. ಅದೇ ಮೇಳದಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ ಬೆಲೆ 299 ಅಂತ ಹೇಳಿತು. ಸೆಗಾದ ಯಂತ್ರ ಆಯ್ದ ಅಂಗಡಿಗಳಿಗಷ್ಟೇ ಸಿಕ್ಕಿತ್ತು, ಉಳಿದವರು ಸಿಟ್ಟಾದರು. ಆಟ ಮಾಡುವವರೂ ಸಿದ್ಧರಿರಲಿಲ್ಲ. 'ಬೇಗ ತನ್ನಿ' ಅನ್ನುವ ತಂಡಕ್ಕೆ ಉತ್ತರ ಕೊಡಲು ಮಕ್ಕಳಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಆದ್ದರಿಂದ ಫ್ಲೆಕ್ಸ್ ಮೇಲೆ ಬಿಡುಗಡೆಯೇ ಇರುತ್ತದೆ.

> 'ಕನ್‌ಸೋಲ್' ತೆಗೆಯಿರಿ. ಆಟಪೆಟ್ಟಿಗೆ. ಎರವಲು ತಂದು ತಂದೇ ಕನ್ನಡ ಸೊರಗಿದೆ. ಮುಂಬೈಯವರು ಮರಾಠಿ ಬೆರೆಸಿ ಇನ್ನೂ ಕೆಡಿಸಿದ್ದೀರಿ.

ಕೊನೆಯ ಮಾತು ನೋವಾಯಿತು. ಇಲ್ಲಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಮರಾಠಿ, ಹಿಂದಿ ಆಡಿ, ಭಾನುವಾರ ಎರಡು ತಾಸು ಕನ್ನಡಕ್ಕೆ ಬಂದು ಕೂರುತ್ತಾರೆ. ಆಟಪೆಟ್ಟಿಗೆ ಅಂತ ಓದಿದರೆ ಅವರಿಗೆ ಕಣ್ಣ ಮುಂದೆ ಬರುವುದು ಆಟಿಕೆ ತುಂಬಿಡುವ ಡಬ್ಬ. ನಿಮ್ಮ ಅದೇ ಪತ್ರದಲ್ಲಿ 'ತಾರೀಖು ತಿಳಿಸಿ' ಅಂತ ಇದೆ. ತಾರೀಖು ಅರಬ್ಬಿಯಿಂದ ಬಂದದ್ದು, ಇವತ್ತು ಅದು ನಮ್ಮದೇ. ಇನ್ನು ಮರಾಠಿ. ಅವರ ತೂಪ್ ನಮ್ಮ ತುಪ್ಪದಿಂದ ಹೋದದ್ದು. ಅವರ ಅಕ್ಕಾ, ಅಣ್ಣಾ ಕೂಡ. ಕೊಡುವಾಗ ಸೊರಗದ ಮರಾಠಿ-ಕನ್ನಡ ನಂಟು, ತೆಗೆದುಕೊಳ್ಳುವಾಗ ಮಾತ್ರ ಯಾಕೆ ಕೆಡಬೇಕು?

ಫ್ಲೆಕ್ಸ್ ಮೇಲೆ ಬರುವ ಸಾಲು ಇದು: ಮುಂದಿನ ತಲೆಮಾರಿನ ಕನ್‌ಸೋಲ್ ಯಾವಾಗ ಬಿಡುಗಡೆಯಾಗಬೇಕು?

ಉಳಿದದ್ದು ಒಂದೇ. ಅಂಗಡಿಯ ಹುಡುಗ ಕಳಿಸಿದ ಪ್ರೂಫ್‌ನಲ್ಲಿ 'ಕನ್ಸೋಲ್' ಒಡೆದಿದೆ. ಸ ಒತ್ತು ಪಕ್ಕಕ್ಕೆ ಜಾರಿ 'ಲ್' ಕಾಲಿಗೆ ಹತ್ತಿಕೊಂಡಿದೆ. ಅವನಿಗೆ ಕನ್ನಡ ಓದಲು ಬಾರದು, ಅವನ ತಪ್ಪಲ್ಲ. ಹಾಗಾಗಿ 'ನ್' ಬಿಡಿಯಾಗಿಟ್ಟು ಕನ್‌ಸೋಲ್ ಅಂತಲೇ ಬರೆಸುತ್ತಿದ್ದೇನೆ. ಯಾರದಾದರೂ ತಕರಾರಿದ್ದರೆ ಏಳೂವರೆ ಒಳಗೆ ಬರೆಯಿರಿ.