ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು ದೇವರೆಂದು ಗೊತ್ತಿತ್ತೇ?

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನಮ್ಮ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಲೂಕನ ಸುವಾರ್ತೆಯ 23ನೆಯ ಅಧ್ಯಾಯ ಓದುತ್ತಿದ್ದಾಗ ಎದ್ದ ಸಂದೇಹವಿದು. ನಿನ್ನ ರಾಜ್ಯದಲ್ಲಿ ನನ್ನನ್ನು ನೆನಸಿಕೋ ಎಂದಷ್ಟೇ ಪಕ್ಕದ ಶಿಲುಬೆಯಲ್ಲಿದ್ದ ಯೇಸುವನ್ನು ಬೇಡಿಕೊಂಡ ಕಳ್ಳನಿಗೆ ಅದೇ ದಿನ ಪರದೈಸಿನ, ಅಂದರೆ ಸ್ವರ್ಗದ, ವಾಗ್ದಾನ ಸಿಕ್ಕಿತು. ಮಗನಾದ ಯೇಸು ತಂದೆಯಾದ ದೇವರೊಂದಿಗೆ ಏಕಸ್ವರೂಪನೆಂದು ಬಿಷಪ್ಪರು ಕೂಡಿದ ನೈಸೀಯದ ಮಹಾಸಭೆ ತೀರ್ಮಾನಿಸಿದ್ದು ಕ್ರಿ.ಶ. 325ರಲ್ಲಿ. ಹೀಗಿರುವಾಗ ಕ್ರಿಸ್ತನ ದೈವತ್ವವನ್ನು ಒಪ್ಪದವನಿಗೆ ರಕ್ಷಣೆಯಿಲ್ಲವೆಂದು ಬೋಧಿಸುವುದು ಹೇಗೆ ಸರಿ?

ಉತ್ತರ 1

ತಿಳಿಯದಿರುವುದು ಬೇರೆ, ತಿಳಿದೂ ನಿರಾಕರಿಸುವುದು ಬೇರೆ. ಅಲೆಕ್ಸಾಂಡ್ರಿಯದ ಆರಿಯಸ್ ಸಾಮಾನ್ಯ ವಿಶ್ವಾಸಿಯಲ್ಲ, ಸಭೆಯ ಹಿರಿಯ. ಮಗನೂ ಒಂದು ಸೃಷ್ಟಿಯೇ, ಅವನು ಇಲ್ಲದಿದ್ದ ಕಾಲವೊಂದಿತ್ತು ಎಂದು ಅವನು ಬೋಧಿಸಿದ. ಅದೇ ಊರಿನ ಸಭೆಯ ಅಥನೇಸಿಯಸ್ ಇದನ್ನು ವಿರೋಧಿಸಿದ್ದು ಪದಗಳ ಮೇಲಿನ ಹಟದಿಂದಲ್ಲ. ಜಾಮೀನು ನಿಂತವನೇ ಸಾಲದಲ್ಲಿ ಮುಳುಗಿದ್ದರೆ ಸಾಲಗಾರನಿಗೆ ಬಿಡುಗಡೆ ಎಲ್ಲಿಂದ ಬಂದೀತು? ದೇವರ ಕೃಪೆಯಿಂದಲೇ ಬದುಕಬೇಕಾದ ಸೃಷ್ಟಿಯೊಂದು ಮಿಕ್ಕ ಸೃಷ್ಟಿಯನ್ನು ದೇವರೊಂದಿಗೆ ಸೇರಿಸಲಾರದು ಎಂಬುದೇ ಅಥನೇಸಿಯಸನ ವಾದದ ತಿರುಳು. ನೈಸೀಯದಲ್ಲಿ ಕೇವಲ ಸಭಾಸೇವಕನಾಗಿದ್ದ ಅವನು, ಮುಂದೆ ಬಿಷಪ್ಪನಾಗಿ ಐದು ಬಾರಿ ಗಡೀಪಾರಾದ. ದೈವತ್ವದ ಬೋಧನೆ ರಕ್ಷಣೆಗೆ ಹೊರಗಿನಿಂದ ಅಂಟಿಸಿದ ಷರತ್ತಲ್ಲ, ರಕ್ಷಣೆ ಹೇಗೆ ಸಾಧ್ಯವಾಯಿತೆಂಬುದರ ವಿವರಣೆ.

ಉತ್ತರ 2

ನೈಸೀಯದವರೆಗೆ ಹೋಗಬೇಕಾಗಿಯೇ ಇಲ್ಲ. ಮನೆಯಲ್ಲಿರುವ ಹಳೆಯ ಕನ್ನಡ ಸತ್ಯವೇದದಲ್ಲಿ ಹಳೆಯ ಒಡಂಬಡಿಕೆಯ ಯೋವೇಲ 2:32ನ್ನೂ ಪೌಲನು ಬರೆದ ರೋಮಾಪುರದವರಿಗೆ 10:13ನ್ನೂ ಅಕ್ಕಪಕ್ಕದಲ್ಲಿಟ್ಟು ಓದಿರಿ. ಮೊದಲನೆಯದರಲ್ಲಿ ದೇವರಾದ ಯೆಹೋವನ ನಾಮವನ್ನು ಹೇಳಿಕೊಳ್ಳುವವರಿಗೆ ರಕ್ಷಣೆ. ಎರಡನೆಯದರಲ್ಲಿ ಅದೇ ಮಾತು ಕರ್ತನ ನಾಮವೆಂದು ಬಂದಿದೆ, ಮತ್ತು ನಾಲ್ಕು ವಚನಗಳ ಹಿಂದೆಯಷ್ಟೇ ಪೌಲನು ಆ ಕರ್ತನು ಯೇಸುವೆಂದು ಹೇಳಿದ್ದಾನೆ. ಯೆಹೂದ್ಯನಾಗಿ ಬೆಳೆದ ಪೌಲನಿಗೆ ಇದರ ತೂಕ ಗೊತ್ತಿರಲಿಲ್ಲವೆಂದು ನಾನಂತೂ ಒಪ್ಪಲಾರೆ.

ಉತ್ತರ 3

ಇಬ್ಬರ ಮಾತೂ ಸರಿ, ಆದರೆ ಅರ್ಧ ಮಾತ್ರ. ಕಪೆರ್ನೌಮಿನ ಸಭಾಮಂದಿರದಲ್ಲಿ ಯೇಸು ಯಾರೆಂಬುದನ್ನು ಮೊದಲು ಕೂಗಿ ಹೇಳಿದ್ದು ದೆವ್ವ; ಅದರ ತಿಳಿವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ದೆವ್ವಗಳೂ ನಂಬಿ ನಡುಗುತ್ತವೆಂದು ಯಾಕೋಬನು ಬರೆದದ್ದು ಇದಕ್ಕೇ. ಫಿಲಿಪ್ಪಿಯ ಸೆರೆಮನೆಯ ಯಜಮಾನನಿಗೆ ಪೌಲ ಸೀಲರು ಹೇಳಿದ್ದು ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು ಎಂದು. ಸುದ್ದಿಯನ್ನು ನಂಬುತ್ತೇವೆ, ವ್ಯಕ್ತಿಯ ಮೇಲೆ ನಂಬಿಕೆಯಿಡುತ್ತೇವೆ. ನಮ್ಮ ಕನ್ನಡವೇ ಈ ವ್ಯತ್ಯಾಸವನ್ನು ಕಾಪಾಡಿಕೊಂಡಿದೆ. ಪ್ರೊಟೆಸ್ಟೆಂಟ್ ದೇವತಾಶಾಸ್ತ್ರಜ್ಞರು ಅರಿವು, ಸಮ್ಮತಿ, ಭರವಸೆ ಎಂದು ಮೂರನ್ನು ಎಣಿಸಿದರು. ಕಳ್ಳನಿಗೆ ಅರಿವು ಕಡಿಮೆಯಿದ್ದಿರಬಹುದು. ಆದರೆ ತನ್ನ ಪಕ್ಕದಲ್ಲೇ ಮೊಳೆ ಹೊಡೆಸಿಕೊಂಡು ಸಾಯುತ್ತಿದ್ದವನಿಗೆ ಒಂದು ರಾಜ್ಯವಿದೆಯೆಂದು ಕಂಡವನು ಅವನು. ಆ ಹೊತ್ತಿನಲ್ಲಿ ಶಿಷ್ಯರಿಗೂ ಅದು ಕಾಣಲಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಧನ್ಯವಾದಗಳು. ಯೋವೇಲನ ವಚನವನ್ನು ತೆರೆದು ನೋಡಿದೆ, ಹೇಳಿದಂತೆಯೇ ಇದೆ. ಮೊದಲ ಉತ್ತರದಲ್ಲಿ ಮಾತ್ರ ಒಂದು ತೊಡಕು ಉಳಿಯಿತು. ನಾಲ್ಕನೆಯ ಶತಮಾನದಲ್ಲಿ ಜರ್ಮನಿಕ್ ಮೂಲದ ಗಾಥ್ ಜನರಿಗೆ ಸತ್ಯವೇದವನ್ನು ಭಾಷಾಂತರಿಸಿಕೊಟ್ಟ ಉಲ್ಫಿಲಾಸನು ನೈಸೀಯದ ತೀರ್ಮಾನವನ್ನು ಒಪ್ಪಿದವನಲ್ಲ. ಆ ಜನರು ತಲೆಮಾರುಗಳವರೆಗೆ ಅವನ ಬೋಧನೆಯಲ್ಲೇ ಬೆಳೆದರು. ಅವರನ್ನು ತಿಳಿಯದವರೆನ್ನಬೇಕೋ, ನಿರಾಕರಿಸಿದವರೆನ್ನಬೇಕೋ?

ಉತ್ತರ 1 ಬರೆದವರು

ಬೋಧಿಸಿದವನನ್ನೂ ಅವನಿಂದ ಕೇಳಿ ನಂಬಿದವರನ್ನೂ ನಾನು ಒಂದೇ ಸಾಲಿನಲ್ಲಿ ನಿಲ್ಲಿಸಲಾರೆ. ಬೋಧನೆ ತಪ್ಪೆಂದು ಹೇಳುವ ಅಧಿಕಾರ ಸಭೆಗಿದೆ. ಆ ಗಾಥ್ ಅಜ್ಜಿಯೊಬ್ಬಳ ಪ್ರಾರ್ಥನೆಯ ಲೆಕ್ಕ ಕರ್ತನ ಕೈಯಲ್ಲಿದೆ.